ಕಂಡಕ್ಟರ ವೇ ಬಿಲ್ಲು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಹಾಸನದಿಂದ ಹೊಳೆನರಸೀಪುರಕ್ಕೆ ಬರುವ ಬಸ್ಸಿನಲ್ಲಿ. ಅದೂ ಯಾರೂ ನನಗೆ ಹೇಳಿದ್ದಲ್ಲ. ಬಸ್ಸಿನ ಕಂಡಕ್ಟರ್ ಡ್ರೈವರಿಗೆ ಹೇಳುತ್ತಿದ್ದ. "ನಮ್ ಹಳೇ ಕಂಡಕ್ಟ್ರು ಓಗ್ಬುಟ್ರಂತೆ ಕಣಣ್ಣ. ರಿಟೇರ್ ಆದ್ಮೇಲೆ ಮುದ್ದೆಕೋಲು ಮಾರ್ತಿದ್ರಲ್ಲ, ಅವ್ರು. ಸೋಮ್ವಾರವೇ ಮಣ್ ಮಾಡುದ್ರಂತೆ." ಅಂದು ಗುರುವಾರ. ಅವರ ಮನೆಗೂ ನನ್ನ ಅಂಗಡಿಗೂ ನಡುವೆ ಇರುವುದು ನಾಲ್ಕು ಬೀದಿ. ಇಷ್ಟು ಹತ್ತಿರದಲ್ಲಿದ್ದುಕೊಂಡು ಮೂರು ದಿನ ಸುದ್ದಿ ತಿಳಿಯದಂತೆ ಬದುಕಿದ್ದೇನೆಂದರೆ, ಆ ಬೀದಿಗೆ ಹೋಗುವುದನ್ನೇ ನಾನು ಬಿಟ್ಟಿದ್ದೆ ಎಂದು ಅರ್ಥ. ಊರಿಗೆ ಬಂದಾಗ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟಿದ್ದ ಏಳು ರೂಪಾಯಿ ಚಿಲ್ಲರೆಯನ್ನೂ ಕೇಳದೆ ಇಳಿದುಬಿಟ್ಟೆ.

ನಮ್ಮ ಹಳೇ ಕಂಡಕ್ಟ್ರು ಆ ಜಾಗದಲ್ಲಿದ್ದಿದ್ದರೆ ಬಸ್ಸು ನಿಲ್ಲಿಸಿ ಅಟ್ಟಿಸಿಕೊಂಡು ಬಂದು ಕೊಡುತ್ತಿದ್ದರು. ಉತ್ಪ್ರೇಕ್ಷೆಯಲ್ಲ. ಬಾಗೂರಿನ ಒಬ್ಬಾಕೆ ಎರಡು ರೂಪಾಯಿ ಬಿಟ್ಟು ಇಳಿದುಹೋಗಿದ್ದಳೆಂದು ಮುಂದಿನ ವಾರ ರಜೆಯ ದಿನ ಸಂತೆಗೆ ಹೋಗಿ, ಬದನೆಕಾಯಿ ಗುಡ್ಡೆಗಳ ನಡುವೆ ಅವಳನ್ನು ಹುಡುಕಿ ಕೊಟ್ಟು ಬಂದವರು ಅವರು. ಬಸ್ ಚಾರ್ಜೇ ಅದಕ್ಕಿಂತ ಹೆಚ್ಚಾಯಿತಲ್ಲ ಎಂದು ಯಾರೋ ಚುಡಾಯಿಸಿದರೆ, "ಚಾರ್ಜು ನಂದು, ಚಿಲ್ರೆ ಅವ್ಳದು. ಎರ್ಡೂ ಒಂದೇನ್ಲಾ?" ಎಂದು ಬೈದಿದ್ದರಂತೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ಒಮ್ಮೆ ಮಸಿ ಬಳಿದವನು ನಾನು, ಇನ್ನೊಮ್ಮೆ ಅದನ್ನು ಮುಟ್ಟಲು ಕೈ ಬರುವುದಿಲ್ಲ. ಊರಿಗೆಲ್ಲ ಅವರು ಕಂಡಕ್ಟ್ರು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಬಹಳ ವರ್ಷ ಇದ್ದರು. ಸಣ್ಣ ಆಳು, ದೊಡ್ಡ ಗಂಟಲು. ಬಸ್ಸು ಎಷ್ಟೇ ತುಂಬಿದ್ದರೂ ಪೆನ್ನಿನಿಂದ ಸೀಟಿನ ಕಂಬಿ ಕುಟ್ಟುತ್ತಾ ಹಿಂದಿನಿಂದ ಮುಂದಕ್ಕೆ ಒಮ್ಮೆ, ಮುಂದಿನಿಂದ ಹಿಂದಕ್ಕೆ ಒಮ್ಮೆ ತಲೆ ಎಣಿಸುತ್ತಿದ್ದರು. ಎರಡು ಎಣಿಕೆಯೂ ಕೈಯಲ್ಲಿದ್ದ ವೇ ಬಿಲ್ಲೂ ಒಂದಕ್ಕೊಂದು ತಾಳೆಯಾದರೇ ರೈಟ್. ವೇ ಬಿಲ್ಲು ಎಂದರೆ ಯಾವ ಸ್ಟೇಜಿನಲ್ಲಿ ಎಷ್ಟು ಟಿಕೆಟ್ ಹೋಯಿತು ಎಂದು ಕಂಡಕ್ಟರುಗಳು ಬರೆದಿಡುವ ಹಾಳೆ. ಅರಕಲಗೂಡಿನಿಂದ ಶುಂಠಿ ಮೂಟೆ ಹಾಕಿಕೊಂಡು ಬಂದ ಸ್ವಂತ ಭಾವಮೈದುನನಿಗೆ ಲಗೇಜ್ ಟಿಕೆಟ್ ಹರಿದುಕೊಟ್ಟು, ಆತ ಒಂದು ವರ್ಷ ಮನೆಗೆ ಬಾರದಂತೆ ಮಾಡಿಕೊಂಡಿದ್ದರು. ಸರ್ವಿಸಿನಲ್ಲಿ ಒಂದು ಮೆಮೊ ಇಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಅವರಿಗೆ ಜಂಬವಿತ್ತು.

ನನ್ನನ್ನು ಅವರು 'ಪಾಸು' ಎಂದು ಕರೆಯುತ್ತಿದ್ದರು. ಅದಕ್ಕೊಂದು ಕಾರಣವಿದೆ. ಕಾಲೇಜಿಗೆ ಹೋಗುವಾಗ ಒಂದು ದಿನ ನನ್ನ ಬಸ್ ಪಾಸಿನ ಅವಧಿ ಹಿಂದಿನ ದಿನವೇ ಮುಗಿದಿತ್ತು. ಬೆರಳಿನಿಂದ ತಾರೀಕು ಮುಚ್ಚಿ ತೋರಿಸಿದೆ. ಅವರು ಬೆರಳು ಎತ್ತಿಸಿ ನೋಡಿದರು. ಜೇಬಿನಲ್ಲಿ ಕಾಸಿರಲಿಲ್ಲ. ಇಳಿಸಿಬಿಡುತ್ತಾರೆಂದು ಹೆದರಿ ನಿಂತಿದ್ದಾಗ ತಮ್ಮ ಅಂಗಿಯ ಜೇಬಿನಿಂದ ದುಡ್ಡು ತೆಗೆದು ಚರ್ಮದ ಚೀಲಕ್ಕೆ ಹಾಕಿಕೊಂಡು, ಟಿಕೆಟ್ ಹರಿದು ನನ್ನ ಕೈಗಿಟ್ಟರು. "ಸುಮ್ನೆ ಕೂತ್ಕೋ ಅಂತ ನಾನು ಬುಟ್ಬುಡ್ಬೋದು ಕಣ್ಲಾ. ಆದ್ರೆ ಟಿಕೇಟು ಅನ್ನೋದು ಬರೀ ದುಡ್ಡಿಗಲ್ಲ. ಈ ಬಸ್ನಾಗೆ ನೀನು ಕೂತಿದ್ದೆ ಅನ್ನೋಕೆ." ಅವತ್ತಿನಿಂದ ನಾನು ಪಾಸು.

ಆ ಪಾಸು ಬಿ.ಕಾಂ. ಪಾಸಾಗಿ ಬಸ್ ಸ್ಟ್ಯಾಂಡ್ ಪಕ್ಕದ ಓಣಿಯಲ್ಲಿ ಎರಡು ಕಂಪ್ಯೂಟರು ಇಟ್ಟುಕೊಂಡು ಕೂತ. ಪಾನ್ ಕಾರ್ಡು, ಜಿಎಸ್‌ಟಿ ನೋಂದಣಿ, ರಿಟರ್ನ್ ಸಲ್ಲಿಕೆ. ಊರವರು ಆಡಿಟರ್ ಸಾ ಎನ್ನುತ್ತಾರೆ. ನಾನು ಆಡಿಟರ್ ಅಲ್ಲ. ಅಲ್ಲವೆಂದು ತಿದ್ದುವುದನ್ನು ಎಂದೋ ನಿಲ್ಲಿಸಿದ್ದೇನೆ.

ನಿವೃತ್ತರಾದ ಮೇಲೆ ಕಂಡಕ್ಟ್ರು ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಬಗಲಿನಿಂದ ಮುದ್ದೆಕೋಲೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಕಟ್ಟಾಯದ ಆಚಾರಿಯೊಬ್ಬರಿಂದ ಸೀಬೆ ಮರದಲ್ಲಿ ಮಾಡಿಸಿದ್ದು. ಹಿಡಿ ನುಣುಪು, ತುದಿ ಚಪ್ಪಟೆ. ದೂರದ ಊರುಗಳಲ್ಲಿರುವ ನಮ್ಮ ಕಡೆಯವರಿಗೆ ಮುದ್ದೆ ತಿರುವಲು ಕೋಲು ಸಿಗುವುದಿಲ್ಲವಂತೆ. ಸೌಟಿನ ಹಿಡಿಯಲ್ಲಿ ತಿರುವಿ ಗಂಟು ಮಾಡಿಕೊಂಡು ತಿನ್ನುತ್ತಾರಂತೆ. ಅದು ಅವರಿಗೆ ಬಹಳ ಬೇಜಾರಾಗಿತ್ತು. ಯಾರೋ ಆನ್‌ಲೈನಿನಲ್ಲಿ ಮಾರಬಹುದು ಎಂದಿದ್ದರು. "ಆ ಆಪ್‌ನೋರು ಅದೆಂತದೋ ನಂಬರ್ ಕೇಳ್ತಾವ್ರೆ ಕಣ್ಲಾ ಪಾಸು. ಜಿಎಸ್ಟಿ ನಂಬರಂತೆ. ಮಾಡ್ಕೊಡು."

ಆಗ ನನ್ನಲ್ಲಿಗೆ ಬರುತ್ತಿದ್ದ ಬೇರೆ ಆನ್‌ಲೈನ್ ವ್ಯಾಪಾರಿಗಳ ವರಸೆಯೇ ಬೇರೆ. ಫೋನಿನಲ್ಲಿ ಲೈವ್ ಬಂದು ಸೀರೆ ಮಾರುವ ಹಾಸನದ ಹೆಂಗಸೊಬ್ಬರು ತಮ್ಮದು, ತಾಯಿಯದು, ನಾದಿನಿಯದು ಎಂದು ಮೂರು ಖಾತೆಗೆ ಹಂಚಿ ದುಡ್ಡು ಹಾಕಿಸಿಕೊಳ್ಳುತ್ತಿದ್ದರು, ವ್ಯಾಪಾರ ತೆರಿಗೆಯವರ ಕಣ್ಣಿಗೆ ಬೀಳದಿರಲೆಂದು. ಕಳಿಸುವಾಗ 'ಕೈಗಡ ವಾಪಸು' ಎಂದು ಬರೆಯಿರಿ ಎಂದು ಗಿರಾಕಿಗಳಿಗೆ ತಾಕೀತು. ಆ ಉಪಾಯ ಹೇಳಿಕೊಟ್ಟವನು ಯಾರೆಂದು ಬೇರೆ ಹೇಳಬೇಕಿಲ್ಲ. ಕಂಡಕ್ಟ್ರಿಗೂ ಬುದ್ಧಿ ಹೇಳಲು ಹೋದೆ. "ಆಪ್ ಬೇಡ ಬಿಡಿ ಕಂಡಕ್ಟ್ರೇ. ವಾಟ್ಸಾಪಿನಲ್ಲೇ ಫೋಟೋ ಹಾಕಿ ಮಾರಿ. ಯಾರೂ ಕೇಳಲ್ಲ."

ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಬೆರಳು ಎತ್ತಿಸಿ ಪಾಸು ನೋಡಿದಾಗಿನ ನೋಟವೇ ಅದು. "ಕೇಳಾಕಿಲ್ಲ ಅಂತ ಟಿಕೇಟ್ ತಗೊಳ್ದೆ ಕೂರದಾ? ನನ್ ಕೋಲು ಓಯ್ತದಲ್ಲ, ರೋಡ್ ಮ್ಯಾಲೆ ತಾನೆ ಓಗದು? ಕೊರಿಯರ್‌ನೋನು ಏನು ಗಾಳೀಲಿ ಆರ್ಕಂಡ್ ಬತ್ತಾನಾ?"

ಮಾಡಿಕೊಟ್ಟೆ. ನಂಬರ್ ಬಂದ ದಿನ ಕಾಗದವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಪ್ರತಿ ತಿಂಗಳು ಎರಡನೇ ತಾರೀಕು, ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹಾಜರು. ಕೈಯಲ್ಲಿ ವೇ ಬಿಲ್ಲು. ಬಿಳಿ ಹಾಳೆಗೆ ಸ್ಕೇಲಿನಿಂದ ಗೆರೆ ಎಳೆದು, ಕಾರ್ಬನ್ ಇಟ್ಟು ಎರಡು ಪ್ರತಿ ಬರೆಯುತ್ತಿದ್ದರು. ಒಂದು ನನಗೆ, ಒಂದು ಅವರಿಗೆ. ಕರ್ನಾಟಕದೊಳಗೆ ಮಾರಿದ ಕೋಲು 'ಒಳ ಸ್ಟೇಜು', ಬೇರೆ ರಾಜ್ಯಕ್ಕೆ ಹೋದದ್ದು 'ಗಡಿ ಸ್ಟೇಜು'. ಎರಡಕ್ಕೂ ತೆರಿಗೆಯ ಹಂಚಿಕೆ ಬೇರೆ ಎಂದು ನಾನು ಅರ್ಧ ಗಂಟೆ ವಿವರಿಸಿದ್ದನ್ನು ಅವರು ಹೀಗೆ ಎರಡು ಪದದಲ್ಲಿ ಮುಗಿಸಿದ್ದರು. ಗಿರಾಕಿ ವಾಪಸು ಮಾಡಿದ ಕೋಲಿಗೆ ಕೆಂಪು ಶಾಯಿಯಲ್ಲಿ 'ಇಳಿದರು' ಎಂದು ಬರೆಯುತ್ತಿದ್ದರು. ಉತ್ತರದ ಕಡೆಯವರು ಯಾರೋ ಚಪಾತಿ ಲಟ್ಟಿಸಲು ಬರುವುದಿಲ್ಲವೆಂದು ವಾಪಸು ಮಾಡಿದಾಗ ಮಾತ್ರ 'ತಪ್ಪು ಬಸ್ಸು ಹತ್ತಿದ್ದರು, ಇಳಿದರು' ಎಂದು ಬರೆದು ತಾವೇ ನಕ್ಕರು. ಹಾಳೆಯ ಜೊತೆಗೆ ಕಟ್ಟಬೇಕಾದ ತೆರಿಗೆ, ಒಂದು ಕವರಿನಲ್ಲಿ, ನಾಣ್ಯದ ಸಮೇತ. "ಚಿಲ್ರೆ ಸರ್ಯಾಗೈತೆ ನೋಡ್ಕೋ."

ಬೆಂಚಿನ ಮೇಲೆ ಕೂತ ಬೇರೆ ವ್ಯಾಪಾರಿಗಳಿಗೆ ಅವರ ಉಪನ್ಯಾಸ ಉಚಿತ. ಆ ಸೀರೆಯ ಹೆಂಗಸಿಗೆ ಒಂದು ದಿನ, "ಏನವ್ವಾ, ಮೂರ್ ಜನದ ಎಸ್ರಲ್ಲಿ ಬಸ್ಸು ಹತ್ತಿದ್ದೀಯ, ಒಂದ್ ಟಿಕೇಟೂ ಇಲ್ಲ. ಚೆಕಿಂಗ್ನೋರು ಬಂದ್ರೆ ಯಾರ್ನ ಇಳುಸ್ತೀಯ, ನಿಮ್ಮಮ್ಮನ್ನಾ?" ಎಂದರು. ಆಕೆ ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋದರು. ಹದಿನೈದು ದಿನ ಬಿಟ್ಟು ಬಂದು ನೋಂದಣಿ ಮಾಡಿಸಿದರು. ಆಕೆಯ ಹಿಂದೆ ಇನ್ನೂ ನಾಲ್ಕಾರು ಜನ ಬಂದರು. ನಾನು ಓದಿದ ಯಾವ ಕಾನೂನಿನ ಪುಸ್ತಕವೂ ಮಾಡದ ಕೆಲಸವನ್ನು ಆ ಮನುಷ್ಯ ನನ್ನ ಬೆಂಚಿನ ಮೇಲೆ ಕೂತು ಮಾಡುತ್ತಿದ್ದರು.

ಹಾಗೆ ಹೆಚ್ಚಿದ ಗಿರಾಕಿಗಳೇ ನನಗೆ ನೆಪವಾದರು. ರಿಟರ್ನಿನ ಕೊನೆಯ ದಿನ ವೆಬ್‌ಸೈಟು ತಿರುಗುತ್ತಾ ನಿಂತುಬಿಡುತ್ತದೆ. ದೊಡ್ಡ ಗಿರಾಕಿಗಳು ತಲೆಯ ಮೇಲೆ ಕೂತಿರುತ್ತಾರೆ. ಕಂಡಕ್ಟ್ರದು ಹತ್ತಿಪ್ಪತ್ತು ಕೋಲಿನ ವ್ಯಾಪಾರ. ವಿವರ ತುಂಬಲು ಒಂದು ಗಂಟೆ ಬೇಕು. 'ನಿಲ್' ಎಂದು ಹಾಕಿದರೆ ಎರಡು ನಿಮಿಷ. ನಿಲ್ ಎಂದರೆ ಈ ತಿಂಗಳು ಏನೂ ಮಾರಿಲ್ಲ ಎಂದು ಸರ್ಕಾರಕ್ಕೆ ಹೇಳುವುದು. ಹಾಕಿಬಿಟ್ಟೆ. ಮುಂದಿನ ತಿಂಗಳು ಸೇರಿಸಿ ಸರಿ ಮಾಡಿದರಾಯಿತು ಎಂದುಕೊಂಡೆ. ಮುಂದಿನ ತಿಂಗಳೂ ನಿಲ್. ಅದರ ಮುಂದಿನದೂ ನಿಲ್. ಮೂರು ಕವರು, ಮೂರು ವೇ ಬಿಲ್ಲು, ನನ್ನ ಡ್ರಾಯರಿನಲ್ಲಿ ಹಾಗೇ ಬಿದ್ದಿದ್ದವು. ಅದರಲ್ಲಿ ಒಂದು ಪೈಸೆ ನಾನು ಮುಟ್ಟಲಿಲ್ಲ. ಇದನ್ನು ಹೇಳಿಕೊಂಡು ಎಷ್ಟೋ ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಮೂರು ತಿಂಗಳೂ ಅವರು ಬಂದು "ಆಯ್ತೇನ್ಲಾ?" ಎಂದು ಕೇಳಿದರು. ಮೂರು ಸಲವೂ "ಆಯ್ತು ಕಂಡಕ್ಟ್ರೇ" ಎಂದೆ.

ಆಪಿನವರು ಸುಮ್ಮನಿರುತ್ತಾರೆಯೇ? ಇಂಥವರು ಇಷ್ಟು ಮಾರಿದರು ಎಂದು ಅವರು ತಮ್ಮ ಲೆಕ್ಕ ಒಪ್ಪಿಸಿದ್ದರು. ಅಲ್ಲಿ ಮಾರಾಟ, ಇಲ್ಲಿ ಸೊನ್ನೆ. ಲೆಕ್ಕ ತಾಳೆಯಾಗುತ್ತಿಲ್ಲವೆಂದು ಅವರಿಗೆ ಓದಲು ಬಾರದ ಇಂಗ್ಲಿಷಿನಲ್ಲಿ ನೋಟಿಸು ಬಂತು.

ಅದನ್ನು ಹಿಡಿದುಕೊಂಡು ಅವರು ಬಂದದ್ದು ಒಂದು ಬೆಳಗ್ಗೆ. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡಿದ್ದರು. "ಪಾಸು, ಮೆಮೊ ಬಂದ್ಬುಡ್ತು ಕಣ್ಲಾ" ಎಂದರು. ಬೆಂಚಿನ ಮೇಲೆ ಆ ಸೀರೆಯ ಹೆಂಗಸು, ಚನ್ನರಾಯಪಟ್ಟಣದಿಂದ ಬಂದ ಇಬ್ಬರು ಹೊಸ ಗಿರಾಕಿಗಳು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಕಾಗದದ ಮೊದಲ ಸಾಲು ಓದಿದ ಕೂಡಲೇ ನನಗೆ ಎಲ್ಲವೂ ಗೊತ್ತಾಯಿತು. ಡ್ರಾಯರು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಎಳೆದು ಕವರುಗಳನ್ನು ಮೇಜಿನ ಮೇಲಿಟ್ಟು, ತಪ್ಪು ನನ್ನದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೊಸ ಗಿರಾಕಿಗಳು ಎದ್ದು ಹೋಗುತ್ತಿದ್ದರೇನೋ, ಅಷ್ಟೇ.

ನಾನು ಹೇಳಿದ್ದು ಇದು: "ನಿಮ್ಮ ಪಟ್ಟಿ ಕೂಡೋದ್ರಲ್ಲೇ ಎಲ್ಲೋ ತಪ್ಪಿದೆ ಕಂಡಕ್ಟ್ರೇ. ವಯಸ್ಸಾಯ್ತಲ್ಲ, ಆಗುತ್ತೆ ಬಿಡಿ."

ಅವರು ತಮ್ಮ ಬಲಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡು, "ನನ್ ಕೈಯಿಂದಾನೇ ಆಯ್ತಾ?" ಎಂದರು. ಹೌದು ಎಂದು ತಲೆಯಾಡಿಸಿದೆ. ಆ ತಲೆಯನ್ನು ಯಾರಾದರೂ ಅವತ್ತೇ ಕಲ್ಲಿಗೆ ಕುಟ್ಟಬೇಕಾಗಿತ್ತು.

ಉಳಿದದ್ದೆಲ್ಲ ಸುಲಭವಾಗಿ ಮುಗಿಯಿತು. ಕವರಿನಲ್ಲಿದ್ದ ತೆರಿಗೆಯನ್ನು ಕಟ್ಟಿ, ಮೇಲಿನ ಬಡ್ಡಿ ನನ್ನ ಜೇಬಿನಿಂದ ಹಾಕಿ, ಉತ್ತರ ಬರೆದೆ. ಪ್ರಕರಣ ಮುಕ್ತಾಯವಾಯಿತು. ಬಡ್ಡಿ ನಾನೇ ಕಟ್ಟಿದೆನಲ್ಲ, ಋಣ ತೀರಿತು ಎಂದು ಲೆಕ್ಕ ಹಾಕಿದ್ದೆ. ಆದರೆ ಅವರು ಆ ದುಡ್ಡನ್ನೂ ಚಿಲ್ಲರೆ ಸಮೇತ ತಂದರು. "ತಪ್ಪು ನಂದು, ದಂಡ ನೀನ್ಯಾಕ್ ಕಟ್ಟದು?" ಬೇಡ ಎಂದೆ. ಬಿಡಲಿಲ್ಲ. ಇನ್ನೂ ಬೇಡವೆಂದರೆ ಯಾಕೆ ಎಂದು ಕೇಳುತ್ತಾರೆಂಬ ಭಯಕ್ಕೆ ತೆಗೆದುಕೊಂಡೆ. ಹೌದು, ತೆಗೆದುಕೊಂಡೆ. ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಅಲ್ಲೇ ಕೂತು, ನೋಂದಣಿ ರದ್ದು ಮಾಡು ಎಂದರು. ವ್ಯಾಪಾರ ಚೆನ್ನಾಗಿ ನಡೆಯುತ್ತಿದೆಯಲ್ಲ, ಯಾಕೆ ಎಂದೆ. "ಎಣ್ಕೆ ತಪ್ಪೋ ಕಂಡಕ್ಟ್ರು ರೂಟಿಗೆ ಓಗಬಾರ್ದು ಕಣ್ಲಾ. ಗೊತ್ತಿದ್ದೂ ಓದ್ರೆ ಅದು ಕಳ್ತನ." ಅವರು ಹೇಳಿದ್ದು ತಮ್ಮ ಬಗ್ಗೆ. ನಾನು ರದ್ದತಿಯ ಅರ್ಜಿ ತುಂಬುತ್ತಾ ಕೂತೆ.

ಆಮೇಲೆ ಅವರನ್ನು ಮಾರುಕಟ್ಟೆಯಲ್ಲಿ ಒಮ್ಮೆ ಕಂಡೆ. ತರಕಾರಿಯವಳಿಗೆ ನೂರರ ನೋಟು ಕೊಟ್ಟರು. ಅವಳು ಕೊಟ್ಟ ಚಿಲ್ಲರೆಯನ್ನು ಎಣಿಸದೆ, ನೋಡದೆ, ಜೇಬಿಗೆ ತುರುಕಿಕೊಂಡು ಹೊರಟರು. ನಾನು ಸೊಪ್ಪಿನ ಗಾಡಿಯ ಹಿಂದೆ ಸರಿದು ನಿಂತೆ. ಅವತ್ತೇ ಹೋಗಿ ಕಾಲು ಹಿಡಿಯಬೇಕಿತ್ತು. ನಾಳೆ ಎಂದುಕೊಂಡೆ. ಕೊನೆಯ ಸಲ ಸಿಕ್ಕಿದ್ದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ. ತಪ್ಪಿಸಿಕೊಳ್ಳಲು ಆಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಮೆಲ್ಲಗೆ ಕೇಳಿದರು: "ಪಾಸು, ಅದು ಎಲ್ಲಿ ತಪ್ಪಿತ್ತು ಅಂತ ನಿಂಗೇನಾದ್ರೂ ಗೊತ್ತಾಯ್ತಾ?"

"ಹಳೇದು ಬಿಡಿ ಕಂಡಕ್ಟ್ರೇ" ಎಂದೆ.

"ಊಂ, ಬುಡು" ಎಂದರು.

ಸುದ್ದಿ ಕೇಳಿದ ಮರುದಿನ ಮನೆಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು, "ಬಾ ಮಗ. ನೀನು ಬತ್ತೀಯ ಅಂತ ಗೊತ್ತಿತ್ತು" ಎಂದು ಒಳಗೆ ಕರೆದರು. ಮೂಲೆಯಲ್ಲಿ ಮಾರದೆ ಉಳಿದ ಕೋಲುಗಳನ್ನು ಕಟ್ಟಿ ಒರಗಿಸಿದ್ದರು. ನೀರು ಕೊಟ್ಟು, ಬೀರುವಿನಿಂದ ನಾಲ್ಕು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು.

ಮೊದಲ ಪುಟದಲ್ಲಿ ಆ ಮೂರು ತಿಂಗಳ ವೇ ಬಿಲ್ಲು. ಒಳ ಸ್ಟೇಜು, ಗಡಿ ಸ್ಟೇಜು, ಕೆಂಪು ಶಾಯಿಯಲ್ಲಿ ಇಳಿದವರು, ಕೆಳಗೆ ಮೊತ್ತ. ಎರಡನೇ ಪುಟದಲ್ಲೂ ಅದೇ. ಮೂರನೆಯದರಲ್ಲೂ ಅದೇ. ಮೇಲಿನಿಂದ ಕೆಳಕ್ಕೆ ಕೂಡಿದ್ದರು, ಕೆಳಗಿನಿಂದ ಮೇಲಕ್ಕೆ ಕೂಡಿದ್ದರು. ನಾಲ್ಕು ಪುಸ್ತಕದಲ್ಲೂ ಬೇರೇನೂ ಇರಲಿಲ್ಲ. ಕೊನೆಯ ಪುಟಗಳಲ್ಲಿ ಅಂಕಿಗಳು ನಡುಗಿದ್ದವು. ಮೊತ್ತ ಮಾತ್ರ ಎಲ್ಲೂ ಬದಲಾಗಿರಲಿಲ್ಲ.

"ದಿನಾ ಬೆಳಗ್ಗೆ ಕಾಫಿ ಕುಡ್ದು ಇದ್ನೇ ಇಡ್ಕಂಡ್ ಕೂರೋರು ಕಣಪ್ಪ" ಎಂದರು ಆಕೆ. "ಎಲ್ಲಿ ತಪ್ಪು ಅಂತ ಸಿಕ್ಲೇ ಇಲ್ಲ. ನೀನು ಓದ್ದೋನು, ನೋಡಿ ಯೋಳು. ಅನ್ನೊಂದ್ನೇ ದಿನ ಎಡೆ ಇಡೋವಾಗ ಅವ್ರಿಗೆ ಯೋಳ್ಬುಡ್ತೀನಿ. ಇಲ್ದಿದ್ರೆ ಅಲ್ಲೂ ಕೂಡ್ತಾನೇ ಕೂತಿರ್ತಾರೆ."

ಹೇಳಿಬಿಟ್ಟೆ. ನಿಲ್ ಹಾಕಿದ್ದು, ಡ್ರಾಯರು, ಕವರು, ಬೆಂಚಿನ ಮೇಲಿದ್ದ ಗಿರಾಕಿಗಳು, ವಾಪಸು ಪಡೆದ ಬಡ್ಡಿ, ಎಲ್ಲವನ್ನೂ. ಆಕೆ ಬೈದರೆ ಸಾಕು ಎಂದು ಕಾಯುತ್ತಾ ಕೂತೆ. ನೋಟ್‌ಬುಕ್ಕುಗಳನ್ನು ಒಂದರ ಮೇಲೊಂದು ಜೋಡಿಸಿ ಮಡಿಲಲ್ಲಿಟ್ಟುಕೊಂಡರು.

"ನಾನು ಆಗ್ಲೇ ಅಂದಿದ್ದೆ. ನಿಮ್ ಎಣ್ಕೆ ಯಾವತ್ತೂ ತಪ್ಪಿಲ್ಲ, ಆ ಮಗೂನೇ ಏನೋ ಎಡವಟ್ ಮಾಡಿರ್ಬೇಕು, ಓಗಿ ಕೇಳಿ ಅಂತ. ನನ್ ಮ್ಯಾಲೇ ರೇಗುದ್ರು. ಪಾಸು ಸುಳ್ಳು ಯೋಳ್ತಾನೇನೇ, ಅವ್ನು ನನ್ ಬಸ್ನಾಗೆ ಬೆಳ್ದೋನು ಅಂದ್ರು." ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ನಾನ್ ಯೋಳಾಕಿಲ್ಲಪ್ಪ. ಎಡೆ ದಿನ ನೀನೇ ಬಂದು ಯೋಳು."

ಹನ್ನೊಂದನೇ ದಿನ ಹೋದೆ. ಬಾಗಿಲಲ್ಲೇ ನಿಂತು ವಾಪಸು ಹೋಗಿಬಿಡಲೇ ಎಂದು ಎರಡು ಸಲ ಯೋಚಿಸಿದೆ. ಒಳಗೆ ನೆಂಟರಿಷ್ಟರು ತುಂಬಿದ್ದರು, ಹಳೆಯ ಡ್ರೈವರುಗಳು ಬಂದಿದ್ದರು, ಮೂಲೆಯಲ್ಲಿ ಆ ಸೀರೆಯ ಹೆಂಗಸೂ ಇದ್ದರು. ಗೋಡೆಗೆ ಒರಗಿಸಿದ್ದ ಫೋಟೋದಲ್ಲಿ ಅವರು ಖಾಕಿ ಅಂಗಿ ಹಾಕಿಕೊಂಡು ಯಾರನ್ನೋ ಎಣಿಸುತ್ತಿರುವಂತೆ ನೋಡುತ್ತಿದ್ದರು. ಬಾಳೆ ಎಲೆಯ ಮೇಲೆ ಮುದ್ದೆ, ಅವರೆಕಾಳು ಸಾರು ಬಡಿಸಿದ ಮೇಲೆ ಅವರ ಹೆಂಡತಿ ನನ್ನ ಕಡೆ ತಿರುಗಿ ನಿಂತರು. ನಾನು ಮುಂದೆ ಹೋದೆ.

"ಕಂಡಕ್ಟ್ರೇ, ನೀವು ಕೂಡಿದ್ದು ಸರಿಯಾಗಿತ್ತು" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಕೆಲಸ ಮಾಡದೆ ಇದ್ದೋನು ನಾನು. ಸುಳ್ಳು ಹೇಳಿದೋನೂ ನಾನೇ."

ಅವರ ಹೆಂಡತಿ ನನ್ನನ್ನು ನೋಡಲಿಲ್ಲ. ಫೋಟೋದ ಹತ್ತಿರ ಬಗ್ಗಿ, "ಕೇಳುಸ್ತಾ?" ಎಂದರು.